ನೆಟ್‌ವರ್ಕ್ ಪ್ರೊಸೆಸರ್ ಚಿಪ್‌ಗಳ ಮಾರುಕಟ್ಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಚಿಪ್‌ಗಳ ಬಗ್ಗೆ ಓದಲು ಕೂತರೆ ಎರಡು ವಿರುದ್ಧ ಮಾತು ಸಿಗುತ್ತವೆ. ನೆಟ್‌ವರ್ಕ್ ಪ್ರೊಸೆಸರ್ ಕಾಲ ಮುಗಿಯಿತು ಅನ್ನುವವರಿದ್ದಾರೆ. ಇಷ್ಟು ಜೋರಾಗಿ ಬೆಳೆಯುತ್ತಿರುವ ಮಾರುಕಟ್ಟೆ ಇನ್ನೊಂದಿಲ್ಲ ಅನ್ನುವವರೂ ಇದ್ದಾರೆ. ಎರಡರಲ್ಲೂ ನಿಜ ಇದೆ. ಅದು ಹೇಗೆ ಅಂತ ಬಿಡಿಸಿ ಹೇಳುವ ಪ್ರಯತ್ನ ಇದು. ಓದುತ್ತಿರುವವರು, ಈ ಕ್ಷೇತ್ರದಲ್ಲಿ ಕೆಲಸ ಹುಡುಕುವವರು, ಉಪಕರಣ ಕೊಳ್ಳುವವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ.

ನೆಟ್‌ವರ್ಕ್ ಪ್ರೊಸೆಸರ್ ಅಂದರೆ ಏನು? ಮಾಮೂಲಿ ಸಿಪಿಯು ಸಾಲದಾ?

ನೆಟ್‌ವರ್ಕ್‌ನಲ್ಲಿ ಮಾಹಿತಿ ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಓಡಾಡುತ್ತದೆ. ಪ್ರತಿ ಪ್ಯಾಕೆಟ್‌ನ ಹೆಡರ್, ಅಂದರೆ ವಿಳಾಸ ಇರುವ ಮುಂಭಾಗ, ಓದಬೇಕು. ಅದು ಎಲ್ಲಿಗೆ ಹೋಗಬೇಕು, ಯಾವ ಸಾಲಿನಲ್ಲಿ ನಿಲ್ಲಬೇಕು, ಒಳಗೆ ಬಿಡಬೇಕೋ ತಡೆಯಬೇಕೋ ಅಂತ ತೀರ್ಮಾನಿಸಬೇಕು. ಈ ಕೆಲಸಕ್ಕೆಂದೇ ಮಾಡಿದ, ಪ್ರೋಗ್ರಾಮ್ ಮಾಡಬಹುದಾದ ಚಿಪ್ಪೇ ನೆಟ್‌ವರ್ಕ್ ಪ್ರೊಸೆಸರ್. ರೂಟರ್, ಸ್ವಿಚ್, ಫೈರ್‌ವಾಲ್, ಮೊಬೈಲ್ ಟವರ್‌ನ ಉಪಕರಣ, ಎಲ್ಲದರ ಒಳಗೂ ಇಂಥ ಕೆಲಸ ನಡೆಯುತ್ತದೆ.

ಬೇರೆ ಚಿಪ್ ಯಾಕೆ ಬೇಕು ಅನ್ನುವುದು ಒಂದು ಸಣ್ಣ ಲೆಕ್ಕದಲ್ಲಿ ಗೊತ್ತಾಗುತ್ತದೆ. ಈಥರ್ನೆಟ್ ತಂತಿಯ ಮೇಲೆ ಪ್ಯಾಕೆಟ್ ಹೊತ್ತೊಯ್ಯುವ ಕಟ್ಟಿಗೆ ಫ್ರೇಮ್ ಅನ್ನುತ್ತಾರೆ. ಅತಿ ಚಿಕ್ಕ ಫ್ರೇಮ್ 64 ಬೈಟ್. ಫ್ರೇಮ್‌ಗಿಂತ ಮುಂದೆ ಹೋಗುವ ಬಿಟ್‌ಗಳು, ಎರಡು ಫ್ರೇಮ್‌ಗಳ ನಡುವಿನ ಅಂತರ ಎಲ್ಲ ಸೇರಿ ತಂತಿಯ ಮೇಲೆ ಅದು 84 ಬೈಟ್ ಜಾಗ ತಗೊಳ್ಳುತ್ತದೆ. ಅಂದರೆ 672 ಬಿಟ್. 10 ಗಿಗಾಬಿಟ್ ಲಿಂಕ್‌ನಲ್ಲಿ ಇಂಥ ಫ್ರೇಮ್‌ಗಳು ಸೆಕೆಂಡಿಗೆ ಸುಮಾರು 1.49 ಕೋಟಿ ಬರಬಹುದು. ಒಂದೊಂದಕ್ಕೆ ಸಿಗುವ ಸಮಯ 67 ನ್ಯಾನೋಸೆಕೆಂಡ್. 100 ಗಿಗಾಬಿಟ್ ಆದರೆ 6.7 ನ್ಯಾನೋಸೆಕೆಂಡ್. 400 ಗಿಗಾಬಿಟ್ ಆದರೆ ಬರೀ 1.7.

ಸಿಪಿಯು ತನ್ನ ಮುಖ್ಯ ಮೆಮೊರಿಗೆ ಒಂದು ಸಲ ಹೋಗಿ ಬರುವುದಕ್ಕೇ 50ರಿಂದ 100 ನ್ಯಾನೋಸೆಕೆಂಡ್ ಬೇಕು. ಅಷ್ಟರಲ್ಲಿ ಎಷ್ಟೋ ಪ್ಯಾಕೆಟ್ ಬಂದು ಬಿದ್ದಿರುತ್ತವೆ. ಹಾಗಾಗಿ ನೆಟ್‌ವರ್ಕ್ ಪ್ರೊಸೆಸರ್‌ನಲ್ಲಿ ಚಿಕ್ಕ ಚಿಕ್ಕ ಕೋರ್‌ಗಳು ತುಂಬಾ ಇರುತ್ತವೆ. ಒಂದು ಪ್ಯಾಕೆಟ್ ಮೆಮೊರಿಯ ಉತ್ತರಕ್ಕೆ ಕಾಯುತ್ತಿದ್ದರೆ ಕೋರ್ ಸುಮ್ನೆ ಕೂರುವುದಿಲ್ಲ, ಇನ್ನೊಂದು ಪ್ಯಾಕೆಟ್‌ನ ಕೆಲಸಕ್ಕೆ ಹೊರಳುತ್ತದೆ. 1999ರಲ್ಲಿ ಬಂದ ಇಂಟೆಲ್‌ನ ಐಎಕ್ಸ್‌ಪಿ1200 ಚಿಪ್‌ನಲ್ಲಿ ಇಂಥ 6 ಮೈಕ್ರೋಎಂಜಿನ್‌ಗಳಿದ್ದವು. ಒಂದೊಂದರಲ್ಲೂ 4 ಥ್ರೆಡ್, ಅಂದರೆ ಸರದಿಯಲ್ಲಿ ನಡೆಯುವ ಕೆಲಸದ ಎಳೆಗಳು. ಜೊತೆಗೆ ಮೇಲುಸ್ತುವಾರಿಗೆ ಒಂದು ಆರ್ಮ್ ಕೋರ್. ಈಗಿನ ಚಿಪ್‌ಗಳ ಗಾತ್ರ ಎಷ್ಟೋ ದೊಡ್ಡದಾದರೂ ಕಾಯುವ ಹೊತ್ತನ್ನು ಬೇರೆ ಕೆಲಸದಿಂದ ತುಂಬಿಸುವ ಉಪಾಯ ಮಾತ್ರ ಅದೇ.

ಎನ್‌ಪಿಯು ಅಂದರೆ ಎಐ ಚಿಪ್ ಅಲ್ವಾ?

ಈಗ ಫೋನ್, ಲ್ಯಾಪ್‌ಟಾಪ್ ಜಾಹೀರಾತುಗಳಲ್ಲಿ ಬರುವ ಎನ್‌ಪಿಯು ಅಂದರೆ ನ್ಯೂರಲ್ ಪ್ರೊಸೆಸಿಂಗ್ ಯೂನಿಟ್. ನೆಟ್‌ವರ್ಕ್‌ನವರು ಇದೇ ಮೂರಕ್ಷರವನ್ನು ಅದಕ್ಕಿಂತ ಎಷ್ಟೋ ಮೊದಲಿನಿಂದ ನೆಟ್‌ವರ್ಕ್ ಪ್ರೊಸೆಸರ್‌ಗೆ ಬಳಸುತ್ತಿದ್ದಾರೆ. ಎರಡಕ್ಕೂ ಸಂಬಂಧ ಇಲ್ಲ. ಎನ್‌ಪಿಯು ಮಾರುಕಟ್ಟೆ ಬಗ್ಗೆ ಲೇಖನ ಸಿಕ್ಕರೆ ಯಾವ ಎನ್‌ಪಿಯು ಅಂತ ಮೊದಲು ನೋಡಿಕೊಳ್ಳಿ. ಎರಡನ್ನೂ ಕಲಸಿ ಬರೆದವರೂ ಇದ್ದಾರೆ.

ಮೊದಲು ತುಂಬಾ ಕಂಪನಿಗಳು ಈ ಚಿಪ್ ಮಾಡುತ್ತಿದ್ದವಂತೆ. ಅವೆಲ್ಲ ಎಲ್ಲಿ ಹೋದವು?

ಒಂದರ ಹೊಟ್ಟೆಯೊಳಗೆ ಒಂದು ಸೇರಿದವು. ಈ ಕತೆ ಗೊತ್ತಿದ್ದರೆ ಇವತ್ತಿನ ಮಾರುಕಟ್ಟೆ ಅರ್ಥವಾಗುವುದು ಸುಲಭ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

1990ರ ದಶಕದ ಕೊನೆಗೆ ಇಂಟರ್ನೆಟ್ ಟ್ರಾಫಿಕ್ ಏರುತ್ತಿದ್ದ ರೀತಿ ನೋಡಿ, ಇನ್ನು ಮೇಲೆ ಯಾವ ಕಂಪನಿಯೂ ರೂಟರ್‌ಗೆ ಅಂತ ತನ್ನದೇ ಚಿಪ್ ಮಾಡಿಕೊಳ್ಳುವುದಿಲ್ಲ, ಎಲ್ಲರೂ ಹೊರಗಿನಿಂದ ಪ್ರೋಗ್ರಾಮ್ ಮಾಡಬಲ್ಲ ಚಿಪ್ ಕೊಂಡು ಸಾಫ್ಟ್‌ವೇರ್ ಬರೆಯುತ್ತಾರೆ ಅಂತ ಹಲವರು ನಂಬಿದರು. ಆ ನಂಬಿಕೆಯ ಮೇಲೆ ಹಣ ಹರಿಯಿತು. 2000ದಲ್ಲಿ ಮೊಟೊರೊಲಾ ಸಿ-ಪೋರ್ಟ್ ಕಂಪನಿಯನ್ನು ಕೊಂಡಿತು. ವಿಟೆಸ್ ಸಿಟೆರಾವನ್ನು ಕೊಂಡಿತು. ಎಎಂಸಿಸಿ ಎಂಬ ಕಂಪನಿ ಎಂಎಂಸಿ ನೆಟ್‌ವರ್ಕ್ಸ್‌ಗೆ ಷೇರುಗಳ ರೂಪದಲ್ಲಿ ಸುಮಾರು 450 ಕೋಟಿ ಡಾಲರ್ ಕೊಟ್ಟಿತು. ಐಬಿಎಂಗೂ ಪವರ್‌ಎನ್‌ಪಿ ಎಂಬ ತನ್ನ ಸಾಲು ಇತ್ತು.

ಮುಂದಿನ ವರ್ಷವೇ ಟೆಲಿಕಾಂ ಕುಸಿಯಿತು. ಕೊಳ್ಳುವವರು ಮಾಯವಾದರು. ಆದರೆ ಬರೀ ಕುಸಿತವನ್ನು ದೂರಿದರೆ ಸಾಲದು. ಈ ಚಿಪ್‌ಗಳಿಗೆ ಪ್ರೋಗ್ರಾಮ್ ಬರೆಯುವುದು ತುಂಬಾ ಕಷ್ಟವಾಗಿತ್ತು. ಪ್ರತಿ ಕಂಪನಿಯ ಚಿಪ್‌ಗೂ ಅದರದೇ ಮೈಕ್ರೋಕೋಡ್, ಅಂದರೆ ಆ ಚಿಪ್‌ಗೆ ಮಾತ್ರ ಅರ್ಥವಾಗುವ ಕೆಳಹಂತದ ಕೋಡ್. ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ನಡೆಯುತ್ತಿರಲಿಲ್ಲ. ಚಿಪ್ ಬದಲಿಸಿದರೆ ಎರಡು ಮೂರು ವರ್ಷದ ಸಾಫ್ಟ್‌ವೇರ್ ಕೆಲಸ ನೀರಿನಲ್ಲಿ ಹೋಮ. ನನ್ನ ಪ್ರಕಾರ ಆ ಪೀಳಿಗೆ ಸೋತಿದ್ದಕ್ಕೆ ಇದೇ ದೊಡ್ಡ ಕಾರಣ.

ಉಳಿದವರು ಒಬ್ಬೊಬ್ಬರಾಗಿ ಕೈ ಬದಲಾದರು. ಇಂಟೆಲ್‌ನ ಐಎಕ್ಸ್‌ಪಿ ತಂತ್ರಜ್ಞಾನಕ್ಕೆ 2007ರಲ್ಲಿ ನೆಟ್ರೋನೋಮ್ ಲೈಸೆನ್ಸ್ ಪಡೆಯಿತು. ಅಗೇರೆ 2007ರಲ್ಲಿ ಎಲ್‌ಎಸ್‌ಐಗೆ ಸೇರಿತು. ಎಲ್‌ಎಸ್‌ಐ 2014ರಲ್ಲಿ ಅವಾಗೋಗೆ ಹೋಯಿತು. ಅಲ್ಲಿದ್ದ ಆಕ್ಸಿಯಾ ನೆಟ್‌ವರ್ಕ್ ವಿಭಾಗವನ್ನು ಅದೇ ವರ್ಷ ಇಂಟೆಲ್ 65 ಕೋಟಿ ಡಾಲರ್‌ಗೆ ತಗೊಂಡಿತು. ನೆಟ್‌ಲಾಜಿಕ್ 2012ರಲ್ಲಿ ಬ್ರಾಡ್‌ಕಾಮ್ ಪಾಲಾಯಿತು. ಸ್ವೀಡನ್ನಿನ ಕ್ಸೆಲರೇಟೆಡ್ ಅದೇ ವರ್ಷ ಮಾರ್ವೆಲ್ ಸೇರಿತು. ಆಕ್ಟಿಯಾನ್ ಚಿಪ್‌ಗಳ ಕ್ಯಾವಿಯಂ 2018ರಲ್ಲಿ ಸುಮಾರು 600 ಕೋಟಿ ಡಾಲರ್‌ಗೆ ಅದೇ ಮಾರ್ವೆಲ್‌ಗೆ ಸೇರಿತು.

ಇಸ್ರೇಲ್‌ನ ಇಝಡ್‌ಚಿಪ್ ಕತೆಯನ್ನು ಬೇರೆಯಾಗಿ ಹೇಳಬೇಕು. ದೊಡ್ಡ ರೂಟರ್‌ಗಳಿಗೆ ನೆಟ್‌ವರ್ಕ್ ಪ್ರೊಸೆಸರ್ ಮಾರಿ ಬದುಕಿದ ಸ್ವತಂತ್ರ ಕಂಪನಿ ಅದು. 2016ರಲ್ಲಿ ಮೆಲ್ಲನಾಕ್ಸ್ ಅದನ್ನು ಸುಮಾರು 81 ಕೋಟಿ ಡಾಲರ್‌ಗೆ ಕೊಂಡಿತು. 2020ರಲ್ಲಿ ಎನ್ವಿಡಿಯಾ ಮೆಲ್ಲನಾಕ್ಸ್ ಅನ್ನೇ ಸುಮಾರು 700 ಕೋಟಿ ಡಾಲರ್‌ಗೆ ಕೊಂಡಿತು. ಸಾಮಾನ್ಯ ನೆಟ್‌ವರ್ಕ್ ಪ್ರೊಸೆಸರ್‌ನ ಅನುಭವ ಹೀಗೆ ಎಐ ಚಿಪ್ ಕಂಪನಿಯ ಮನೆಗೆ ಬಂತು.

ಹಾಗಾದರೆ ಈ ಮಾರುಕಟ್ಟೆ ಕುಗ್ಗುತ್ತಿದೆಯಾ, ಬೆಳೆಯುತ್ತಿದೆಯಾ?

ಹೆಸರು ಕುಗ್ಗುತ್ತಿದೆ. ಕೆಲಸ ಬೆಳೆಯುತ್ತಿದೆ.

‘ನೆಟ್‌ವರ್ಕ್ ಪ್ರೊಸೆಸರ್’ ಅಂತಲೇ ಹೆಸರಿಟ್ಟು, ಯಾವ ಕಂಪನಿಗೆ ಬೇಕಾದರೂ ಮಾರುವ ಬಿಡಿ ಚಿಪ್ ಈಗ ಅಪರೂಪ. ಆ ಚಿಪ್ ಮಾಡುತ್ತಿದ್ದ ಕೆಲಸ ಮಾತ್ರ ನಾಲ್ಕು ಕಡೆ ಹಂಚಿಹೋಗಿದೆ. ಒಂದಷ್ಟು ಬ್ರಾಡ್‌ಕಾಮ್‌ನಂಥವರ ಸ್ವಿಚ್ ಚಿಪ್‌ಗಳೊಳಗೆ. ಒಂದಷ್ಟು ಸಿಸ್ಕೋ, ನೋಕಿಯಾ, ಜೂನಿಪರ್‌ನವರು ತಮಗೆಂದೇ ಮಾಡಿಕೊಂಡ ಚಿಪ್‌ಗಳಲ್ಲಿ. ಒಂದಷ್ಟು ಸರ್ವರ್‌ನ ನೆಟ್‌ವರ್ಕ್ ಕಾರ್ಡ್‌ನಲ್ಲಿ ಕೂರುವ ಡಿಪಿಯು ಎಂಬ ಚಿಪ್‌ಗಳಲ್ಲಿ (ಇವುಗಳ ಬಗ್ಗೆ ಮುಂದೆ ಹೇಳುತ್ತೇನೆ). ಇನ್ನೊಂದಷ್ಟು ಮಾಮೂಲಿ ಸಿಪಿಯು ಮೇಲೆ ಓಡುವ ಸಾಫ್ಟ್‌ವೇರ್‌ನಲ್ಲಿ. ಮುನ್ನೋಟ ಹೇಳುವವರು ಈ ನಾಲ್ಕನ್ನೂ ಒಟ್ಟಿಗೆ ನೋಡಬೇಕು. ಬರೀ ಹೆಸರಿನ ಹಿಂದೆ ಹೋದರೆ ಬಾವಿ ಬತ್ತಿದೆ ಅನ್ನಿಸುತ್ತದೆ. ನೀರು ಪಕ್ಕದ ತೋಟದಲ್ಲಿ ಹರಿಯುತ್ತಿರುತ್ತದೆ.

ಮಾರುಕಟ್ಟೆ ವರದಿಗಳಲ್ಲಿ ಅಂಕಿಗಳು ಒಂದಕ್ಕೊಂದು ತಾಳೆ ಆಗುವುದಿಲ್ಲ. ಯಾವುದನ್ನು ನಂಬಬೇಕು?

ಅಂಕಿ ನೋಡುವ ಮೊದಲು ಲೆಕ್ಕದ ಗಡಿ ನೋಡಿ. ಒಂದು ವರದಿ ಸ್ವಿಚ್ ಚಿಪ್‌ಗಳನ್ನು ಸೇರಿಸಿರುತ್ತದೆ, ಇನ್ನೊಂದು ಬಿಟ್ಟಿರುತ್ತದೆ. ಒಂದು ಡಿಪಿಯುಗಳನ್ನು ಎಣಿಸಿದರೆ ಇನ್ನೊಂದು ಅದನ್ನು ಸರ್ವರ್ ಬಿಡಿಭಾಗ ಅನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ಅಂದರೆ, ರೂಟರ್ ಕಂಪನಿ ತನ್ನ ಚಿಪ್ ತಾನೇ ಬಳಸಿದಾಗ ಆ ಚಿಪ್‌ಗೆ ಮಾರಾಟ ಬೆಲೆಯೇ ಇರುವುದಿಲ್ಲ. ರೂಟರ್‌ನ ಬೆಲೆಯೊಳಗೆ ಅದು ಮುಳುಗಿರುತ್ತದೆ. ದೊಡ್ಡ ಕ್ಲೌಡ್ ಕಂಪನಿ ತನ್ನ ಸರ್ವರ್‌ಗೆ ತಾನೇ ಮಾಡಿಕೊಂಡ ಚಿಪ್ಪಿನ ಕತೆಯೂ ಅಷ್ಟೇ.

ವರ್ಷಕ್ಕೆ ಇಷ್ಟು ಶೇಕಡಾ ಅಂತ ಮುಂದಿನ ಹತ್ತು ವರ್ಷಕ್ಕೆ ಒಂದೇ ಸಮ ಗೆರೆ ಎಳೆದ ವರದಿಗಳನ್ನು ನಾನು ಬದಿಗಿಡುತ್ತೇನೆ. ಈ ವ್ಯಾಪಾರ ಯಾವತ್ತೂ ಒಂದೇ ಸಮ ಹೋಗಿಲ್ಲ. ಬ್ರಾಡ್‌ಕಾಮ್, ಮಾರ್ವೆಲ್, ಎನ್ವಿಡಿಯಾ, ಸಿಸ್ಕೋ ಕಂಪನಿಗಳ ಮೂರು ತಿಂಗಳ ವರದಿಗಳನ್ನು ಓದುವುದು ಇದಕ್ಕಿಂತ ಒಳ್ಳೆಯದು. ಅವು ಯಾರು ಬೇಕಾದರೂ ಓದಬಹುದಾದ ದಾಖಲೆಗಳು.

ಎಐ ಬಂದ ಮೇಲೆ ನಿಜವಾಗಿ ಏನು ಬದಲಾಯಿತು?

ಮೊದಲು ನೆಟ್‌ವರ್ಕ್ ಸ್ವಲ್ಪ ನಿಧಾನವಾದರೆ ವೆಬ್ ಪುಟ ಅರೆಕ್ಷಣ ತಡವಾಗಿ ತೆರೆಯುತ್ತಿತ್ತು, ಅಷ್ಟೇ. ಎಐ ತರಬೇತಿಯಲ್ಲಿ ಹಾಗಲ್ಲ. ಎಐ ಲೆಕ್ಕ ಮಾಡುವ ಜಿಪಿಯು ಎಂಬ ಚಿಪ್‌ಗಳು ಸಾವಿರಾರು ಸೇರಿ ಒಂದು ಹೆಜ್ಜೆ ಲೆಕ್ಕ ಮಾಡುತ್ತವೆ, ಫಲಿತಾಂಶವನ್ನು ಪರಸ್ಪರ ಹಂಚಿಕೊಳ್ಳುತ್ತವೆ, ಆಮೇಲೆ ಮುಂದಿನ ಹೆಜ್ಜೆ. ಎಲ್ಲರ ಪಾಲೂ ಬರುವ ತನಕ ಎಲ್ಲರೂ ಕಾಯಬೇಕು. ಒಂದೇ ಒಂದು ಲಿಂಕ್ ತಡವಾದರೂ ಸಾವಿರಾರು ಜಿಪಿಯುಗಳು ಕೈ ಕಟ್ಟಿ ಕೂರುತ್ತವೆ. ಅಷ್ಟು ದುಬಾರಿ ಯಂತ್ರ ಖಾಲಿ ಕೂತರೆ ಆಗುವ ನಷ್ಟದ ಮುಂದೆ ಒಳ್ಳೆಯ ನೆಟ್‌ವರ್ಕ್ ಚಿಪ್‌ನ ಬೆಲೆ ಏನೂ ಅಲ್ಲ. ಕೊಳ್ಳುವವರು ಯೋಚಿಸುವ ರೀತಿಯೇ ಇದರಿಂದ ಬದಲಾಯಿತು.

ಟ್ರಾಫಿಕ್‌ನ ಸ್ವಭಾವವೂ ಬೇರೆ. ವೆಬ್‌ನಲ್ಲಿ ಲಕ್ಷಾಂತರ ಸಣ್ಣ ಹರಿವುಗಳು, ಒಂದಕ್ಕೊಂದು ಸಂಬಂಧ ಇಲ್ಲದವು. ಎಐ ಕ್ಲಸ್ಟರ್‌ನಲ್ಲಿ, ಅಂದರೆ ಒಟ್ಟಿಗೆ ಬೆಸೆದ ಜಿಪಿಯುಗಳ ಗುಂಪಿನಲ್ಲಿ, ಹರಿವುಗಳು ಕಡಿಮೆ. ಆದರೆ ಒಂದೊಂದೂ ಭಾರಿ, ಎಲ್ಲ ಒಂದೇ ಕ್ಷಣಕ್ಕೆ ನುಗ್ಗುತ್ತವೆ. ಹಳೆಯ ಚಿಪ್‌ಗಳು ಒಂದು ಹರಿವನ್ನು ಒಂದೇ ದಾರಿಗೆ ಕಟ್ಟಿಹಾಕುತ್ತಿದ್ದವು. ಈಗಿನವು ಪ್ಯಾಕೆಟ್‌ಗಳನ್ನು ಎಲ್ಲ ದಾರಿಗಳಿಗೂ ಹರಡಿ, ಆ ಕಡೆ ಮತ್ತೆ ಕ್ರಮವಾಗಿ ಜೋಡಿಸುತ್ತವೆ. ದಟ್ಟಣೆ ಎಲ್ಲಿದೆ ಅಂತ ಮೈಕ್ರೋಸೆಕೆಂಡ್‌ಗಳಲ್ಲಿ ತಿಳಿಸುತ್ತವೆ.

ಇಲ್ಲಿ ಯಂತ್ರಗಳನ್ನು ಬೆಸೆಯುವ ಎರಡು ಪದ್ಧತಿಗಳಾದ ಇನ್ಫಿನಿಬ್ಯಾಂಡ್ ಮತ್ತು ಈಥರ್ನೆಟ್ ನಡುವೆ ಪೈಪೋಟಿ ನಡೆಯಿತು. 2024ರ ಮಾರ್ಚ್‌ನಲ್ಲಿ ಮೆಟಾ ತನ್ನ ಎರಡು ಕ್ಲಸ್ಟರ್‌ಗಳ ವಿವರ ಕೊಟ್ಟಿತು. ಎರಡರಲ್ಲೂ 24,576 ಜಿಪಿಯು. ಒಂದು ಇನ್ಫಿನಿಬ್ಯಾಂಡ್, ಇನ್ನೊಂದು ಈಥರ್ನೆಟ್. ಎರಡನ್ನೂ ಹದಕ್ಕೆ ತಂದು, ದೊಡ್ಡ ಎಐ ಕೆಲಸಕ್ಕೆ ನೆಟ್‌ವರ್ಕ್ ಅಡ್ಡಿಯಾಗದಂತೆ ಓಡಿಸಿದ್ದೇವೆ ಅಂತ ಹೇಳಿತು. ಈಥರ್ನೆಟ್ ಪರ ಇದ್ದವರಿಗೆ ಇದು ದೊಡ್ಡ ಬಲ. ಅದಕ್ಕೂ ಮೊದಲೇ, 2023ರ ಜುಲೈನಲ್ಲಿ, ಎಎಂಡಿ, ಬ್ರಾಡ್‌ಕಾಮ್, ಸಿಸ್ಕೋ, ಅರಿಸ್ಟಾ, ಮೆಟಾ, ಮೈಕ್ರೋಸಾಫ್ಟ್ ಮುಂತಾದವರು ಅಲ್ಟ್ರಾ ಈಥರ್ನೆಟ್ ಕನ್ಸೋರ್ಟಿಯಂ ಕಟ್ಟಿದ್ದರು. ಅದರ 1.0 ನಿಯಮಾವಳಿ 2025ರ ಜೂನ್‌ನಲ್ಲಿ ಹೊರಬಂತು.

ಹಣದ ಕಡೆ ನೋಡಿ. ಎನ್ವಿಡಿಯಾದ ನೆಟ್‌ವರ್ಕ್ ವಿಭಾಗದ ಆದಾಯ 2025ರ ಜುಲೈಗೆ ಮುಗಿದ ಮೂರು ತಿಂಗಳಲ್ಲಿ 700 ಕೋಟಿ ಡಾಲರ್ ದಾಟಿತು. ಮೆಲ್ಲನಾಕ್ಸ್‌ಗೆ ಕೊಟ್ಟಿದ್ದ ಅಷ್ಟೂ ಬೆಲೆ ಒಂದೇ ತ್ರೈಮಾಸಿಕದ ಮಾರಾಟಕ್ಕೆ ಸಮ! ಜಿಪಿಯುಗಳನ್ನು ಪರಸ್ಪರ ಬೆಸೆಯುವ ಎನ್‌ವಿಲಿಂಕ್ ಕೂಡ ಅದರಲ್ಲಿ ಸೇರಿದೆ ನಿಜ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಚಿಪ್‌ಗಳ ವೇಗ ಎಷ್ಟು ಬೇಗ ಏರುತ್ತಿದೆ? ಹೀಗೇ ಎಷ್ಟು ದಿನ ಏರಬಹುದು?

ಬ್ರಾಡ್‌ಕಾಮ್‌ನ ಟೊಮಾಹಾಕ್ ಸಾಲನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 2014ರಲ್ಲಿ ಮೊದಲನೆಯದು ಸೆಕೆಂಡಿಗೆ 3.2 ಟೆರಾಬಿಟ್. 2016ರಲ್ಲಿ 6.4. 2017ರ ಕೊನೆಗೆ 12.8. 2019ರ ಕೊನೆಗೆ 25.6. 2022ರಲ್ಲಿ 51.2. 2025ರ ಜೂನ್‌ನಲ್ಲಿ 102.4 ಟೆರಾಬಿಟ್‌ನ ಟೊಮಾಹಾಕ್ 6. ಹನ್ನೊಂದು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ 32 ಪಟ್ಟು.

ಈ ಏರಿಕೆಗೆ ದೊಡ್ಡ ಕಾರಣ ಸರ್‌ಡೆಸ್, ಅಂದರೆ ಚಿಪ್‌ನಿಂದ ಹೊರಗೆ ಬಿಟ್‌ಗಳನ್ನು ಸಾಲಾಗಿ ಕಳಿಸುವ ಸರ್ಕ್ಯೂಟ್. ಒಂದು ಸಾಲಿನ ವೇಗ 25 ಗಿಗಾಬಿಟ್‌ನಿಂದ 50, 100, ಈಗ 200ಕ್ಕೆ ಬಂದಿದೆ. ತೊಂದರೆ ಇರುವುದೂ ಅಲ್ಲೇ. 200 ಗಿಗಾಬಿಟ್ ವೇಗದಲ್ಲಿ ತಾಮ್ರದ ಮೇಲೆ ಸಿಗ್ನಲ್ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೊರಗುತ್ತದೆ. ಅದನ್ನು ಮತ್ತೆ ಎತ್ತಿ ನಿಲ್ಲಿಸುವುದಕ್ಕೆ ವಿದ್ಯುತ್ ಬೇಕು. ಚಿಪ್‌ನಲ್ಲಿ ಲೆಕ್ಕಕ್ಕೆ ಖರ್ಚಾಗುವ ವಿದ್ಯುತ್ ಒಂದು ಕಡೆಯಾದರೆ, ಬಿಟ್‌ಗಳನ್ನು ಸಾಗಿಸುವುದಕ್ಕೇ ಸುಡುವ ವಿದ್ಯುತ್ ಇನ್ನೊಂದು ಕಡೆ.

ಇದಕ್ಕೆ ಕಂಡುಕೊಂಡ ದಾರಿ, ಬೆಳಕಿನ ಭಾಗವನ್ನು ಚಿಪ್‌ನ ಪಕ್ಕಕ್ಕೇ, ಅದೇ ಪ್ಯಾಕೇಜ್‌ನ ಒಳಗೆ ತರುವುದು. ಕೋ-ಪ್ಯಾಕೇಜ್ಡ್ ಆಪ್ಟಿಕ್ಸ್ ಅಂತ ಇದರ ಹೆಸರು. ಬ್ರಾಡ್‌ಕಾಮ್ ಟೊಮಾಹಾಕ್ 5ರ ಇಂಥ ಆವೃತ್ತಿ ಮಾಡಿದೆ. ಎನ್ವಿಡಿಯಾ 2025ರ ಮಾರ್ಚ್‌ನಲ್ಲಿ ಇಂಥ ಸ್ವಿಚ್‌ಗಳನ್ನು ಪ್ರಕಟಿಸಿತು. ವಿದ್ಯುತ್ ಉಳಿತಾಯ ನಿಜ. ಆದರೆ ಈಗ ಆಪ್ಟಿಕಲ್ ಮಾಡ್ಯೂಲ್ ಕೆಟ್ಟರೆ ಕಿತ್ತು ಬೇರೆಯದನ್ನು ಸಿಕ್ಕಿಸಿದರೆ ಮುಗೀತು. ಪ್ಯಾಕೇಜ್‌ನ ಒಳಗೇ ಇದ್ದರೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಡೇಟಾ ಸೆಂಟರ್ ನಡೆಸುವವರು ಹಿಂದೆ ಮುಂದೆ ನೋಡುತ್ತಿರುವುದು ಇದಕ್ಕೇ. ಅವರ ಅಂಜಿಕೆ ನ್ಯಾಯವಾದದ್ದು ಅಂತ ನನಗನ್ನಿಸುತ್ತದೆ. ದುರಸ್ತಿ ಮಾಡುವವರಿಗೆ ಧೈರ್ಯ ಬರುವ ತನಕ ಈ ಬದಲಾವಣೆ ನಿಧಾನವಾಗಿಯೇ ಆಗುತ್ತದೆ.

ಡಿಪಿಯು, ಐಪಿಯು, ಸ್ಮಾರ್ಟ್‌ನಿಕ್: ಇವೆಲ್ಲ ಒಂದೇನಾ?

ಹತ್ತಿರದ ಸಂಬಂಧಿಗಳು. ಸರ್ವರ್‌ನ ನೆಟ್‌ವರ್ಕ್ ಕಾರ್ಡ್‌ಗೆ ಸ್ವಂತ ಬುದ್ಧಿ ಕೊಟ್ಟರೆ ಅದು ಸ್ಮಾರ್ಟ್‌ನಿಕ್. ಅದಕ್ಕೆ ಕೋರ್‌ಗಳು, ಮೆಮೊರಿ, ತನ್ನದೇ ಆಪರೇಟಿಂಗ್ ಸಿಸ್ಟಂ ಸೇರಿ ಪುಟ್ಟ ಕಂಪ್ಯೂಟರ್ ಆದರೆ ಡಿಪಿಯು. ಐಪಿಯು ಅನ್ನುವುದು ಇಂಟೆಲ್ ಇಟ್ಟ ಹೆಸರು. ಇಂಟೆಲ್ ತನ್ನ ಮೌಂಟ್ ಇವಾನ್ಸ್ ಚಿಪ್ಪನ್ನು ಗೂಗಲ್ ಜೊತೆ ಸೇರಿ ರೂಪಿಸಿತು.

ಕ್ಲೌಡ್ ಕಂಪನಿಗಳಿಗೆ ಇದು ಯಾಕೆ ಬೇಕಾಯಿತು ಅಂದರೆ, ಸರ್ವರ್‌ನ ಸಿಪಿಯುವನ್ನು ಬಾಡಿಗೆಗೆ ಕೊಡುವುದೇ ಅವರ ವ್ಯಾಪಾರ. ಆ ಸಿಪಿಯುವಿನ ಒಂದು ಪಾಲು ನೆಟ್‌ವರ್ಕ್, ಸ್ಟೋರೇಜ್, ಎನ್‌ಕ್ರಿಪ್ಷನ್ ಕೆಲಸಕ್ಕೇ ಹೋದರೆ ಅಷ್ಟು ಬಾಡಿಗೆ ಹೋದ ಹಾಗೆ. ಅಮೆಜಾನ್ ಇದನ್ನು ಬೇಗ ಕಂಡುಕೊಂಡಿತು. 2015ರಲ್ಲಿ ಅನ್ನಪೂರ್ಣ ಲ್ಯಾಬ್ಸ್ ಕಂಪನಿಯನ್ನು ಕೊಂಡು ನೈಟ್ರೋ ಚಿಪ್‌ಗಳನ್ನು ಮಾಡಿತು. ಎಎಂಡಿ 2022ರಲ್ಲಿ ಪೆನ್ಸಾಂಡೋವನ್ನು ಸುಮಾರು 190 ಕೋಟಿ ಡಾಲರ್‌ಗೆ ಕೊಂಡಿತು. ಮೈಕ್ರೋಸಾಫ್ಟ್ 2023ರ ಜನವರಿಯಲ್ಲಿ ಫಂಜಿಬಲ್ ಅನ್ನು ತಗೊಂಡಿತು. ಎನ್ವಿಡಿಯಾದ ಬ್ಲೂಫೀಲ್ಡ್ ಬಂದದ್ದು ಮೆಲ್ಲನಾಕ್ಸ್ ಕಡೆಯಿಂದ.

ಈ ವಿಭಾಗ ಬೆಳೆಯುತ್ತದೆ, ಅನುಮಾನ ಬೇಡ. ಆದರೆ ಹೊರಗೆ ಮಾರುವವರಿಗೆ ಜಾಗ ಇಕ್ಕಟ್ಟು. ಅತಿ ಹೆಚ್ಚು ಕೊಳ್ಳಬೇಕಾದ ಗಿರಾಕಿಗಳೇ ತಮಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳುತ್ತಿದ್ದಾರಲ್ಲ.

ರೂಟರ್ ಕಂಪನಿಗಳು ಇನ್ನೂ ತಮ್ಮದೇ ಚಿಪ್ ಯಾಕೆ ಮಾಡುತ್ತವೆ?

ದೊಡ್ಡ ರೂಟರ್‌ನ ಕಷ್ಟ ಡೇಟಾ ಸೆಂಟರ್ ಸ್ವಿಚ್‌ನ ಕಷ್ಟದಂತಲ್ಲ. ಅದಕ್ಕೆ ಇಡೀ ಇಂಟರ್ನೆಟ್‌ನ ದಾರಿಪಟ್ಟಿ ನೆನಪಿರಬೇಕು. 2014ರ ಆಗಸ್ಟ್ 12ರಂದು ಈ ಪಟ್ಟಿ 512 ಸಾವಿರದ ಗಡಿ ಮುಟ್ಟಿತು. ಹಳೆಯ ಎಷ್ಟೋ ರೂಟರ್‌ಗಳ ಟಿಕ್ಯಾಮ್ ಎಂಬ ಹುಡುಕಾಟದ ಮೆಮೊರಿಯಲ್ಲಿ ಐಪಿವಿ4ಕ್ಕೆ (ಇಂಟರ್ನೆಟ್ ವಿಳಾಸಗಳ ಹಳೆಯ ಪದ್ಧತಿ) ಕೊಟ್ಟಿದ್ದ ಜಾಗ ಅಷ್ಟೇ ಇತ್ತು. ಹಲವು ಕಡೆ ಇಂಟರ್ನೆಟ್ ತತ್ತರಿಸಿತು. ಇವತ್ತು ಆ ಪಟ್ಟಿ ಹತ್ತು ಲಕ್ಷದ ಆಸುಪಾಸಿನಲ್ಲಿದೆ. ಹೊಸ ಪದ್ಧತಿಯಾದ ಐಪಿವಿ6ರ ಪಟ್ಟಿ ಬೇರೆ.

ಜೊತೆಗೆ ದೂರದ ಲಿಂಕ್‌ಗಳಿಗೆ ಆಳವಾದ ಬಫರ್ (ಪ್ಯಾಕೆಟ್‌ಗಳು ಕಾಯುವ ಮೆಮೊರಿ) ಬೇಕು, ಪ್ರತಿ ಗ್ರಾಹಕರ ಪ್ಯಾಕೆಟ್‌ಗಳಿಗೂ ಬೇರೆ ಸರತಿ ಬೇಕು, ಹೊಸ ಪ್ರೋಟೋಕಾಲ್ ಬಂದರೆ ಹತ್ತು ವರ್ಷ ಹಳೆಯ ಕಾರ್ಡ್‌ನಲ್ಲೂ ಅದು ನಡೆಯಬೇಕು. ಹಳೆಯ ಅರ್ಥದ ನೆಟ್‌ವರ್ಕ್ ಪ್ರೊಸೆಸರ್ ಇನ್ನೂ ಉಸಿರಾಡುತ್ತಿರುವುದು ಇಲ್ಲೇ. ಸಿಸ್ಕೋದ ಕ್ವಾಂಟಂಫ್ಲೋ 2008ರಲ್ಲಿ ಬಂತು, ಜೂನಿಪರ್‌ನ ಟ್ರಿಯೊ 2009ರಲ್ಲಿ. ನೋಕಿಯಾದ ಎಫ್‌ಪಿ ಸಾಲಿನ ಐದನೇ ಪೀಳಿಗೆ 2021ರಲ್ಲಿ ಪ್ರಕಟವಾಯಿತು.

ಗೋಡೆ ಮಾತ್ರ ಎರಡೂ ಕಡೆಯಿಂದ ಕರಗುತ್ತಿದೆ. ಬ್ರಾಡ್‌ಕಾಮ್‌ನ ಜೆರಿಕೋ ಸಾಲು ರೂಟರ್ ಕೆಲಸಕ್ಕೆ ಇಳಿದಿದೆ. ಅದರ ಜೆರಿಕೋ2, ಜಿಪಿಯುಗಳಲ್ಲಿ ಬಳಸುವ ಎಚ್‌ಬಿಎಂ ಮೆಮೊರಿಯನ್ನು ಬಫರ್ ಆಗಿ ಬಳಸಿತು. ಇತ್ತ ಸಿಸ್ಕೋ 2019ರ ಡಿಸೆಂಬರ್‌ನಲ್ಲಿ ಸಿಲಿಕಾನ್ ಒನ್ ತಂದು, ಬೇಕಾದವರು ಬರೀ ಚಿಪ್ಪನ್ನೂ ಕೊಳ್ಳಬಹುದು ಅಂದಿತು. ಸಿಸ್ಕೋದಂಥ ಕಂಪನಿ ಹಾಗೆ ಹೇಳುತ್ತದೆ ಅಂತ ಮೊದಲು ಯಾರೂ ಎಣಿಸಿರಲಿಲ್ಲ. ಜೂನಿಪರ್ 2025ರ ಜುಲೈನಲ್ಲಿ ಎಚ್‌ಪಿಇ ಕಂಪನಿಗೆ ಸೇರಿತು.

ಪಿ4 ಭಾಷೆ ಎಲ್ಲವನ್ನೂ ಬದಲಾಯಿಸುತ್ತದೆ ಅಂದಿದ್ದರು. ಅದು ಸೋತಿತಾ?

ಈ ಪ್ರಶ್ನೆ ಬಂದಾಗ ನನಗೆ ಸ್ವಲ್ಪ ಬೇಸರವಾಗುತ್ತದೆ. ಪಿ4 ಒಳ್ಳೆಯ ಯೋಚನೆ. ಚಿಪ್ ಪ್ಯಾಕೆಟ್‌ಗಳನ್ನು ಹೇಗೆ ಓದಬೇಕು, ಏನು ಮಾಡಬೇಕು ಅಂತ ಚಿಪ್ ಮಾಡಿದವರ ಬದಲು ಬಳಸುವವರೇ ಬರೆಯುವ ಭಾಷೆ. 2014ರಲ್ಲಿ ಅದರ ಪ್ರಬಂಧ ಬಂತು. ಬೇರ್‌ಫುಟ್ ಕಂಪನಿ ಟೊಫಿನೋ ಚಿಪ್ ಮಾಡಿ, ಪ್ರೋಗ್ರಾಮ್ ಮಾಡಬಲ್ಲ ಚಿಪ್ ನಿಧಾನವಾಗಿಯೇ ಇರಬೇಕಿಲ್ಲ ಅಂತ ತೋರಿಸಿತು. ಇಂಟೆಲ್ 2019ರಲ್ಲಿ ಅದನ್ನು ಕೊಂಡಿತು. 2023ರ ಜನವರಿಯಲ್ಲಿ ಮುಂದಿನ ಟೊಫಿನೋ ಕೆಲಸ ನಿಲ್ಲಿಸುವುದಾಗಿ ಹೇಳಿತು.

ಟೊಫಿನೋ ನಿಂತಿತು, ಪಿ4 ನಿಂತಿಲ್ಲ. ಪೆನ್ಸಾಂಡೋ ಚಿಪ್‌ಗಳು ಪಿ4ನಲ್ಲೇ ಪ್ರೋಗ್ರಾಮ್ ಆಗುತ್ತವೆ. ಸಿಲಿಕಾನ್ ಒನ್ ಕೂಡ ಪಿ4 ಬೆಂಬಲಿಸುತ್ತದೆ. ಒಂದು ವಿಷಯ ಮಾತ್ರ ಒಪ್ಪಿಕೊಳ್ಳಬೇಕು. ಹೆಚ್ಚಿನ ಗಿರಾಕಿಗಳಿಗೆ ಸ್ವಿಚ್‌ಗೆ ತಾವೇ ಪ್ರೋಗ್ರಾಮ್ ಬರೆಯುವ ಆಸೆ ಇರಲಿಲ್ಲ. ಅವರಿಗೆ ಅಗ್ಗದ, ವೇಗದ, ಭರವಸೆಯ ಸ್ವಿಚ್ ಸಾಕಿತ್ತು. ಪ್ರೋಗ್ರಾಮ್ ಮಾಡುವ ಸ್ವಾತಂತ್ರ್ಯದ ಬೆಲೆ ಗೊತ್ತಿರುವುದು ಅದಕ್ಕೆಂದೇ ಎಂಜಿನಿಯರ್‌ಗಳನ್ನು ಇಟ್ಟುಕೊಂಡ ಕೆಲವೇ ಕಂಪನಿಗಳಿಗೆ. ಅವರು ಆ ಕೆಲಸವನ್ನು ಸ್ವಿಚ್‌ಗಿಂತ ಸರ್ವರ್ ಕಡೆಯ ಕಾರ್ಡ್‌ನಲ್ಲಿ ಮಾಡಲು ಇಷ್ಟಪಡುತ್ತಿದ್ದಾರೆ.

ಸಾಫ್ಟ್‌ವೇರೇ ಎಲ್ಲ ಮಾಡುವಾಗ ಚಿಪ್ ಯಾಕೆ?

ಸಾಫ್ಟ್‌ವೇರ್ ನಿಜಕ್ಕೂ ತುಂಬಾ ಮುಂದೆ ಬಂದಿದೆ. ಪ್ಯಾಕೆಟ್‌ಗಳನ್ನು ಚುರುಕಾಗಿ ನಿಭಾಯಿಸುವ ಸಾಫ್ಟ್‌ವೇರ್ ಸಾಧನಗಳಾದ ಇಂಟೆಲ್ ಶುರು ಮಾಡಿದ ಡಿಪಿಡಿಕೆ, ಲಿನಕ್ಸ್‌ನ ಇಬಿಪಿಎಫ್ ಮತ್ತು ಎಕ್ಸ್‌ಡಿಪಿ ಬಳಸಿ ಮಾಮೂಲಿ ಸರ್ವರ್‌ನಲ್ಲೇ ಕೋಟ್ಯಂತರ ಪ್ಯಾಕೆಟ್ ನಿಭಾಯಿಸಬಹುದು. ಬರುವ ಕೆಲಸವನ್ನು ಹಲವು ಸರ್ವರ್‌ಗಳಿಗೆ ಹಂಚುವ ಮೆಟಾದ ಕಟ್ರಾನ್ ಲೋಡ್ ಬ್ಯಾಲೆನ್ಸರ್ ಎಕ್ಸ್‌ಡಿಪಿ ಮೇಲೆ ನಿಂತಿದೆ. ಚಿಕ್ಕ ಮತ್ತು ಮಧ್ಯಮ ಫೈರ್‌ವಾಲ್, ವಿಪಿಎನ್ ಕೆಲಸದಲ್ಲಿ ಸಾಫ್ಟ್‌ವೇರ್ ಆಗಲೇ ಗೆದ್ದಿದೆ. ಹಳೆಯ ನೆಟ್‌ವರ್ಕ್ ಪ್ರೊಸೆಸರ್‌ಗಳ ಮಾರುಕಟ್ಟೆಯ ಕೆಳಗಿನ ಪದರ ತಿಂದುಹಾಕಿದ್ದು ಇದೇ. ಮೇಲಿನ ಪದರದಲ್ಲಿ ಪ್ಯಾಕೆಟ್‌ಗೆ ಸಿಗುವುದು ಒಂದೆರಡು ನ್ಯಾನೋಸೆಕೆಂಡ್. ಅಲ್ಲಿ ಸಿಲಿಕಾನ್‌ಗೆ ಬದಲಿ ಇಲ್ಲ.

5ಜಿ, 6ಜಿಯಿಂದ ಬೇಡಿಕೆ ಬರುತ್ತದಾ?

ಬರುತ್ತದೆ, ಆದರೆ ಅಲೆ ಅಲೆಯಾಗಿ. ಟೆಲಿಕಾಂ ಕಂಪನಿಗಳು ಹೊಸ ಪೀಳಿಗೆ ಬಂದಾಗ ಖರ್ಚು ಮಾಡಿ ಆಮೇಲೆ ವರ್ಷಗಟ್ಟಲೆ ಕೈ ಬಿಗಿ ಹಿಡಿಯುತ್ತವೆ. ಮಾರ್ವೆಲ್‌ನ ಆಕ್ಟಿಯಾನ್ ಚಿಪ್‌ಗಳು ಈ ಉಪಕರಣಗಳಲ್ಲಿವೆ. 2025ರ ಅಕ್ಟೋಬರ್‌ನಲ್ಲಿ ಎನ್ವಿಡಿಯಾ ನೋಕಿಯಾದಲ್ಲಿ 100 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿದ್ದರಿಂದ, ಟವರ್‌ನಲ್ಲೂ ಜಿಪಿಯು ಕೂರಬಹುದೇ ಎಂಬ ಚರ್ಚೆ ಜೋರಾಗಿದೆ. ಟವರ್‌ನಲ್ಲಿ ವಿದ್ಯುತ್ ಮತ್ತು ಬೆಲೆ ಎರಡೂ ಬಿಗಿ. ಹಾಗಾಗಿ ನಾನು ಕಾದು ನೋಡುವವರ ಸಾಲಿನಲ್ಲಿದ್ದೇನೆ.

ಪೂರೈಕೆಯಲ್ಲಿ ಮತ್ತೆ ಕೊರತೆ ಆಗಬಹುದಾ?

ಅಪಾಯ ಇದೆ. ಮುಂಚೂಣಿಯ ನೆಟ್‌ವರ್ಕ್ ಚಿಪ್‌ಗಳಲ್ಲಿ ಹೆಚ್ಚಿನವು ತೈವಾನ್‌ನ ಟಿಎಸ್‌ಎಂಸಿಯಲ್ಲೇ ತಯಾರಾಗುತ್ತವೆ. ಟೊಮಾಹಾಕ್ 6 ಅಲ್ಲಿನ 3 ನ್ಯಾನೋಮೀಟರ್ ತಂತ್ರದ್ದು. ಅದೇ ಸಾಲಿನಲ್ಲಿ ಜಿಪಿಯು, ಫೋನ್ ಚಿಪ್‌ಗಳೂ ನಿಂತಿವೆ. ಪ್ಯಾಕೇಜಿಂಗ್ ಮತ್ತು ಎಚ್‌ಬಿಎಂಗೂ ಅದೇ ನೂಕುನುಗ್ಗಲು.

2021-22ರ ಕೊರತೆಯಲ್ಲಿ ಕೆಲವು ನೆಟ್‌ವರ್ಕ್ ಉಪಕರಣಗಳಿಗೆ ಒಂದು ವರ್ಷ ಕಾಯಬೇಕಾಯಿತು. ಹೆದರಿದ ಗಿರಾಕಿಗಳು ಬೇಕಾದ್ದಕ್ಕಿಂತ ಜಾಸ್ತಿ ಆರ್ಡರ್ ಹಾಕಿದರು. ಮಾಲು ಬಂದು ಗೋದಾಮು ತುಂಬಿದ ಮೇಲೆ 2023-24ರಲ್ಲಿ ಆರ್ಡರ್‌ಗಳು ದಿಢೀರನೆ ಬಿದ್ದವು. ಆ ಇಳಿಕೆ ಕಂಡು ಬೇಡಿಕೆ ಸತ್ತಿತು ಅಂದವರು ತಪ್ಪಿದರು. ಏರಿಕೆ ಕಂಡು ಬೇಡಿಕೆ ಅಷ್ಟು ದೊಡ್ಡದು ಅಂದವರೂ ತಪ್ಪಿದ್ದರು. ಎಐ ವಿಷಯದಲ್ಲೂ ಇದೇ ಆಟ ಇನ್ನೊಮ್ಮೆ ನಡೆಯಬಹುದು.

ರಾಜಕೀಯದ ಕಡೆ, 2019ರ ಮೇನಲ್ಲಿ ಅಮೆರಿಕ ಹುವಾವೇ ಕಂಪನಿಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. 2020ರ ಸೆಪ್ಟೆಂಬರ್ ಮಧ್ಯದಿಂದ ಅದಕ್ಕೆ ಟಿಎಸ್‌ಎಂಸಿಯ ಬಾಗಿಲು ಮುಚ್ಚಿತು. ಹುವಾವೇಗೆ ಸೋಲಾರ್ ಎಂಬ ಸ್ವಂತ ನೆಟ್‌ವರ್ಕ್ ಪ್ರೊಸೆಸರ್ ಸಾಲು ಇದೆ. ಚೀನಾದಲ್ಲಿ ಸ್ವಂತ ಚಿಪ್ ಮಾಡಿಕೊಳ್ಳುವ ಪ್ರಯತ್ನ ಇದರಿಂದ ಜೋರಾಯಿತು. ಒಂದೇ ಜಾಗತಿಕ ಮಾರುಕಟ್ಟೆ ಅಂತ ಲೆಕ್ಕ ಹಾಕುವ ವರದಿಗಳು ಈ ಬಿರುಕನ್ನು ಮರೆಯಬಾರದು.

ಮುಂದಿನ ಕೆಲವು ವರ್ಷ ಯಾವುದರ ಮೇಲೆ ಕಣ್ಣಿಡಬೇಕು?

ನಾನು ಮೊದಲು ನೋಡುವುದು ಡೇಟಾ ಸೆಂಟರ್‌ಗಳ ನಡುವಿನ ಕೊಂಡಿ. ಒಂದೇ ಕಟ್ಟಡಕ್ಕೆ ಸಿಗುವ ವಿದ್ಯುತ್ ಸಾಲದೆ ಎಐ ಕ್ಲಸ್ಟರ್‌ಗಳು ಹಲವು ಕಟ್ಟಡಗಳಿಗೆ, ಹಲವು ಊರುಗಳಿಗೆ ಹರಡುತ್ತಿವೆ. 2025ರ ಆಗಸ್ಟ್‌ನಲ್ಲಿ ಬ್ರಾಡ್‌ಕಾಮ್ 51.2 ಟೆರಾಬಿಟ್‌ನ ಜೆರಿಕೋ4 ತಂದಿತು. ಅಕ್ಟೋಬರ್‌ನಲ್ಲಿ ಸಿಸ್ಕೋ ಅಷ್ಟೇ ವೇಗದ ಪಿ200 ತಂದಿತು. ನೂರಾರು ಕಿಲೋಮೀಟರ್ ದೂರ ಅಂದರೆ ಮತ್ತೆ ಆಳವಾದ ಬಫರ್, ಎನ್‌ಕ್ರಿಪ್ಷನ್, ಚುರುಕು ಸರತಿ ನಿರ್ವಹಣೆ. ಇವೆಲ್ಲ ನೆಟ್‌ವರ್ಕ್ ಪ್ರೊಸೆಸರ್‌ನ ಹಳೆಯ ವಿದ್ಯೆಗಳೇ! ಮುಗಿಯಿತು ಅಂದುಕೊಂಡ ಜ್ಞಾನಕ್ಕೆ ಮತ್ತೆ ಬೆಲೆ ಬರುತ್ತಿರುವುದು ನೋಡಿದರೆ ಖುಷಿಯಾಗುತ್ತದೆ.

ಇನ್ನೊಂದು, ಒಂದೇ ರ್‍ಯಾಕ್‌ನೊಳಗೆ ಜಿಪಿಯುಗಳನ್ನು ಬೆಸೆಯುವ ಕೆಲಸ. ಅಲ್ಲಿ ಎನ್‌ವಿಲಿಂಕ್ ಗಟ್ಟಿಯಾಗಿ ಕೂತಿದೆ. ಅದಕ್ಕೆ ಎದುರಾಗಿ ಹಲವು ಕಂಪನಿಗಳು ಸೇರಿ ರೂಪಿಸಿದ ಯುಎಲಿಂಕ್ ಎಂಬ ಪದ್ಧತಿ ಇದೆ. ಬ್ರಾಡ್‌ಕಾಮ್‌ನ ಟೊಮಾಹಾಕ್ ಅಲ್ಟ್ರಾ ಇದೆ, ಅದರ ವಿಳಂಬ 250 ನ್ಯಾನೋಸೆಕೆಂಡ್ ಅಂತ ಕಂಪನಿ ಹೇಳುತ್ತದೆ. ಇಲ್ಲಿ ಈಥರ್ನೆಟ್ ಗೆದ್ದರೆ ಮಾರುಕಟ್ಟೆ ಹಲವು ಕಂಪನಿಗಳಿಗೆ ತೆರೆದುಕೊಳ್ಳುತ್ತದೆ. ಸೋತರೆ ಜಿಪಿಯು ಮಾರುವವರೇ ನೆಟ್‌ವರ್ಕನ್ನೂ ಮಾರುತ್ತಾರೆ.

ಕೊನೆಯದಾಗಿ ಗಿರಾಕಿಗಳ ಸಂಖ್ಯೆ. ಈ ಏರಿಕೆಯ ದೊಡ್ಡ ಪಾಲು ಬೆರಳೆಣಿಕೆಯ ಕ್ಲೌಡ್ ಕಂಪನಿಗಳ ಖರ್ಚಿನಿಂದ ಬರುತ್ತಿದೆ. ಅವರಲ್ಲಿ ಇಬ್ಬರು ಒಂದು ವರ್ಷ ಖರ್ಚು ತಗ್ಗಿಸಿದರೂ ಚಿಪ್ ಕಂಪನಿಗಳ ಲೆಕ್ಕ ತಲೆಕೆಳಗಾಗುತ್ತದೆ.

ಈ ಕ್ಷೇತ್ರಕ್ಕೆ ಬರಬೇಕು ಅಂತಿದ್ದೇನೆ. ಏನು ಕಲಿಯಲಿ?

ಮೊದಲು ಪ್ಯಾಕೆಟ್ ಅಂದರೆ ಏನು ಅಂತ ಕೈಯಾರೆ ನೋಡಿ. ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ನಿಮ್ಮದೇ ಕಂಪ್ಯೂಟರ್‌ನ ಟ್ರಾಫಿಕ್ ಒಂದು ವಾರ ಓದಿ. ಆಮೇಲೆ ಸಿ ಭಾಷೆ, ಲಿನಕ್ಸ್‌ನ ನೆಟ್‌ವರ್ಕ್ ಒಳಗು, ಇಬಿಪಿಎಫ್. ಪಿ4ಗೆ ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಸ್ವಿಚ್ ಇದೆ, ಚಿಪ್ ಇಲ್ಲದೆಯೇ ಅದರ ಮೇಲೆ ಬರೆದು ನೋಡಬಹುದು. ಮೈಕ್ರೋಸಾಫ್ಟ್ ಶುರು ಮಾಡಿದ ಸೋನಿಕ್ ಎಂಬ ಸ್ವಿಚ್ ಆಪರೇಟಿಂಗ್ ಸಿಸ್ಟಂನ ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಚಿಪ್ ವಿನ್ಯಾಸದ ಕಡೆ ಒಲವಿದ್ದರೆ ವಿನ್ಯಾಸ ಬರೆಯುವ ವೆರಿಲಾಗ್ ಭಾಷೆ ಮತ್ತು ಅದು ಸರಿಯಿದೆಯಾ ಅಂತ ಪರೀಕ್ಷಿಸುವ ವೆರಿಫಿಕೇಷನ್ ಕಲಿಯಿರಿ. ವೆರಿಫಿಕೇಷನ್‌ಗೆ ಬೇಡಿಕೆ ಜಾಸ್ತಿ, ಅದರ ಕಡೆ ನೋಡುವವರು ಕಡಿಮೆ.

ಸರತಿ ಮತ್ತು ದಟ್ಟಣೆಯ ಗಣಿತವನ್ನು ಬಿಡಬೇಡಿ. ಒಂದು ಬಫರ್ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಇವತ್ತಿಗೂ ಪಳಗಿದ ಎಂಜಿನಿಯರ್‌ಗಳು ಒಮ್ಮತಕ್ಕೆ ಬಂದಿಲ್ಲ. ಆ ವಾದದಲ್ಲಿ ಲೆಕ್ಕ ಹಾಕಿ ಮಾತನಾಡಬಲ್ಲವರನ್ನು ಯಾವ ಕಂಪನಿಯೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ.